ಅಮೆರಿಕದ ಕಾಲೇಜು ಪ್ರವೇಶ: ಅಂಕಗಳಾಚೆಗಿನ ‘ಆಸಕ್ತಿ’ಯ ಲೆಕ್ಕ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟು ಬಯಸುವ ವಿದ್ಯಾರ್ಥಿಗೆ ಪ್ರವೇಶವೆಂದರೆ ಮುಖ್ಯವಾಗಿ ರ‍್ಯಾಂಕಿನ ಪ್ರಶ್ನೆ. 1994ರಲ್ಲಿ ಆರಂಭವಾದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ವ್ಯವಸ್ಥೆಯಲ್ಲಿ ಅಭ್ಯರ್ಥಿಗಳು ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುತ್ತಾರೆ. ರ‍್ಯಾಂಕ್ ಮತ್ತು ಮೀಸಲಾತಿಗೆ ಅನುಗುಣವಾಗಿ ಸೀಟು ಹಂಚಿಕೆಯಾಗುತ್ತದೆ. ವಿದ್ಯಾರ್ಥಿಗೆ ತನ್ನ ಮೇಲೆ ಎಷ್ಟು ಒಲವಿದೆಯೆಂದು ಕಾಲೇಜು ವಿಚಾರಿಸುವುದಿಲ್ಲ. ವಿಚಾರಿಸುವ ಅವಕಾಶವೂ ಅದಕ್ಕಿಲ್ಲ.

ದ್ವಿತೀಯ ಪಿಯುಸಿಯ ನಂತರ ಪದವಿ ಶಿಕ್ಷಣಕ್ಕಾಗಿ ಅಮೆರಿಕಕ್ಕೆ ತೆರಳಬಯಸುವವರು ಎದುರಿಸುವ ವ್ಯವಸ್ಥೆ ಇದಕ್ಕಿಂತ ಭಿನ್ನವಾದುದು. ಅಲ್ಲಿನ ಅನೇಕ ಕಾಲೇಜುಗಳು ಅಂಕಗಳು, ಪ್ರಬಂಧಗಳು ಮತ್ತು ಶಿಫಾರಸು ಪತ್ರಗಳ ಜತೆಗೆ ಇನ್ನೊಂದು ಅಂಶವನ್ನೂ ತೂಗಿ ನೋಡುತ್ತವೆ. ಸೀಟು ಕೊಟ್ಟರೆ ಈ ವಿದ್ಯಾರ್ಥಿ ನಿಜವಾಗಿಯೂ ಬಂದು ಸೇರುವನೇ ಎಂಬುದೇ ಆ ಅಂಶ. ಪ್ರವೇಶ ವಲಯದಲ್ಲಿ ಇದನ್ನು ‘ಡೆಮಾನ್‌ಸ್ಟ್ರೇಟೆಡ್ ಇಂಟರೆಸ್ಟ್’, ಅಂದರೆ ವ್ಯಕ್ತಪಡಿಸಿದ ಆಸಕ್ತಿ ಎಂದು ಕರೆಯುತ್ತಾರೆ.

ಕಾಲೇಜಿಗೇಕೆ ಈ ಚಿಂತೆ?

ಇದರ ಮೂಲವಿರುವುದು ಅರ್ಜಿಗಳ ಸಂಖ್ಯೆಯಲ್ಲಿ. 1975ರಲ್ಲಿ 15 ಖಾಸಗಿ ಕಾಲೇಜುಗಳು ಸೇರಿ ‘ಕಾಮನ್ ಅಪ್ಲಿಕೇಶನ್’ ಎಂಬ ಏಕರೂಪದ ಅರ್ಜಿಯನ್ನು ಜಾರಿಗೆ ತಂದವು. ಇಂದು ಅದರ ಸದಸ್ಯ ಕಾಲೇಜುಗಳ ಸಂಖ್ಯೆ ಸಾವಿರವನ್ನು ಮೀರಿದೆ. ಒಬ್ಬ ವಿದ್ಯಾರ್ಥಿ ಅದರ ಮೂಲಕ 20 ಕಾಲೇಜುಗಳವರೆಗೆ ಅರ್ಜಿ ಸಲ್ಲಿಸಬಹುದು. ಹತ್ತಾರು ಕಡೆ ಅರ್ಜಿ ಹಾಕಿದರೂ ಕೊನೆಗೆ ಸೇರುವುದು ಒಂದೇ ಕಡೆ. ಹೀಗಾಗಿ ಪ್ರತಿ ಕಾಲೇಜಿಗೂ ತಾನು ಆರಿಸಿದವರಲ್ಲಿ ಎಷ್ಟು ಮಂದಿ ಬಂದಾರು ಎಂದು ಅಂದಾಜು ಮಾಡುವುದು ಅನಿವಾರ್ಯವಾಗಿದೆ.

ಪ್ರವೇಶ ಪಡೆದವರಲ್ಲಿ ನಿಜವಾಗಿ ಸೇರಿದವರ ಶೇಕಡಾವಾರು ಪ್ರಮಾಣಕ್ಕೆ ‘ಯೀಲ್ಡ್’ ಎಂಬ ಹೆಸರಿದೆ. ಉದಾಹರಣೆಗೆ, ಒಂದು ಕಾಲೇಜು 2,000 ಮಂದಿಗೆ ಸೀಟು ನೀಡಿ 500 ಮಂದಿ ಸೇರಿದರೆ ಅದರ ಯೀಲ್ಡ್ ಶೇ. 25. ಅಂದಾಜು ತಪ್ಪಿ 700 ಮಂದಿ ಬಂದರೆ ವಿದ್ಯಾರ್ಥಿನಿಲಯದಲ್ಲಿ ಕೊಠಡಿ ಸಾಲದು. 350 ಮಂದಿ ಮಾತ್ರ ಬಂದರೆ ಬೋಧನಾ ಶುಲ್ಕದ ಆದಾಯ ಕುಸಿಯುತ್ತದೆ. ಖಚಿತವಾಗಿ ಸೇರುವವರನ್ನು ಮೊದಲೇ ಗುರುತಿಸಲು ಕಾಲೇಜುಗಳು ಯತ್ನಿಸುವುದಕ್ಕೆ ಇದೇ ಕಾರಣ.

ಶ್ರೇಯಾಂಕ ಪಟ್ಟಿಗಾಗಿ ಕಾಲೇಜುಗಳು ಹೀಗೆ ಮಾಡುತ್ತವೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಆದರೆ ‘ಯು.ಎಸ್. ನ್ಯೂಸ್’ ಪತ್ರಿಕೆಯು ತನ್ನ ಶ್ರೇಯಾಂಕದ ಮಾನದಂಡಗಳಿಂದ ಯೀಲ್ಡನ್ನು 2003ರಲ್ಲೇ ಕೈಬಿಟ್ಟಿತು. 2018ರಲ್ಲಿ ಪ್ರವೇಶ ಪ್ರಮಾಣವನ್ನೂ ಕೈಬಿಟ್ಟಿತು. ಆ ಬಳಿಕವೂ ಆಸಕ್ತಿಯ ಲೆಕ್ಕ ಮುಂದುವರಿದಿರುವುದನ್ನು ನೋಡಿದರೆ, ಕೊಠಡಿ ಹಾಗೂ ಆದಾಯದ ಚಿಂತೆಯೇ ಅದರ ಬಲವಾದ ಕಾರಣವೆಂದು ತಿಳಿಯಬಹುದು.

ಎಲ್ಲ ಕಾಲೇಜುಗಳಲ್ಲೂ ಇಲ್ಲ

ಪ್ರತಿಯೊಂದು ಕಾಲೇಜೂ ಆಸಕ್ತಿಯನ್ನು ಅಳೆಯುತ್ತದೆ ಎಂದು ಭಾವಿಸುವುದು ತಪ್ಪು. ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘಟನೆಯಾದ ಎನ್ಎಸಿಎಸಿ ನಡೆಸುತ್ತ ಬಂದಿರುವ ಸಮೀಕ್ಷೆಗಳ ಪ್ರಕಾರ, ಈ ಅಂಶಕ್ಕೆ ಹೆಚ್ಚಿನ ಮಹತ್ವ ನೀಡುವ ಕಾಲೇಜುಗಳು ಸುಮಾರು ಶೇ. 16 ಮಾತ್ರ. ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ಕಾಲೇಜುಗಳು ಇದಕ್ಕೆ ಯಾವ ಮಹತ್ವವನ್ನೂ ನೀಡುವುದಿಲ್ಲ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಹಾಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಇದನ್ನು ಪರಿಗಣಿಸದಿರುವ ಸಂಸ್ಥೆಗಳ ಸಾಲಿಗೆ ಸೇರುತ್ತವೆ. ಸಾಮಾನ್ಯವಾಗಿ ಇದಕ್ಕೆ ಬೆಲೆಯಿರುವುದು ಮಧ್ಯಮ ಗಾತ್ರದ ಮತ್ತು ಸಣ್ಣ ಖಾಸಗಿ ಕಾಲೇಜುಗಳಲ್ಲಿ.

ಯಾವ ಕಾಲೇಜಿನ ನಿಲುವು ಏನೆಂದು ತಿಳಿಯಲು ಒಂದು ಸುಲಭ ಮಾರ್ಗವಿದೆ. ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯನ್ನು ಬಹುತೇಕ ಕಾಲೇಜುಗಳು ಪ್ರತಿವರ್ಷ ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಅದರ ಸಿ7 ಕೋಷ್ಟಕದಲ್ಲಿ ‘ಅಭ್ಯರ್ಥಿಯ ಆಸಕ್ತಿಯ ಮಟ್ಟ’ ಎಂಬ ಸಾಲಿದ್ದು, ಅದರೆದುರು ಅತಿ ಮುಖ್ಯ, ಮುಖ್ಯ, ಪರಿಗಣಿಸಲಾಗುತ್ತದೆ, ಪರಿಗಣಿಸುವುದಿಲ್ಲ ಎಂಬ ನಾಲ್ಕರಲ್ಲೊಂದು ಗುರುತಿರುತ್ತದೆ. ‘ಪರಿಗಣಿಸುವುದಿಲ್ಲ’ ಎಂದಿರುವ ಕಾಲೇಜಿಗೆ ಮೇಲಿಂದ ಮೇಲೆ ಇಮೇಲ್ ಕಳುಹಿಸುವುದು ವ್ಯರ್ಥ. ಪಿಯುಸಿ ಪರೀಕ್ಷೆಯ ಸಿದ್ಧತೆಯಲ್ಲಿರುವ ವಿದ್ಯಾರ್ಥಿಗೆ ಆ ಸಮಯವೂ ಅಮೂಲ್ಯ.

ಅಳೆಯುವ ಬಗೆ

ಆಸಕ್ತಿಯನ್ನು ಅಳೆಯುವ ಕಾಲೇಜುಗಳು ಅಭ್ಯರ್ಥಿಯೊಂದಿಗಿನ ಪ್ರತಿಯೊಂದು ಸಂಪರ್ಕವನ್ನೂ ದಾಖಲಿಸಿಕೊಳ್ಳುತ್ತವೆ. ಕ್ಯಾಂಪಸ್ ಭೇಟಿ, ಮಾಹಿತಿ ಸಭೆ, ಸಂದರ್ಶನ, ಕಾಲೇಜಿನ ಪ್ರತಿನಿಧಿ ಊರಿಗೆ ಬಂದಾಗ ಮಾಡಿದ ಭೇಟಿ, ಎಲ್ಲವೂ ಇದರಲ್ಲಿ ಸೇರುತ್ತವೆ. ಕೆಲವು ಸಂಸ್ಥೆಗಳು ತಾವು ಕಳುಹಿಸಿದ ಇಮೇಲನ್ನು ವಿದ್ಯಾರ್ಥಿ ತೆರೆದನೇ, ಜಾಲತಾಣದಲ್ಲಿ ಎಷ್ಟು ಹೊತ್ತು ಕಳೆದ ಎಂಬುದನ್ನೂ ಗಮನಿಸುತ್ತವೆಯೆಂದು ‘ವಾಲ್ ಸ್ಟ್ರೀಟ್ ಜರ್ನಲ್’ 2019ರಲ್ಲಿ ವರದಿ ಮಾಡಿತ್ತು.

ಇಲ್ಲಿಯೇ ಅಸಮಾನತೆಯ ಪ್ರಶ್ನೆ ತಲೆಯೆತ್ತುತ್ತದೆ. ಲೀಹೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕ್ಯಾಂಪಸ್ಸಿಗೆ ಖುದ್ದಾಗಿ ಭೇಟಿ ನೀಡಿದವರಿಗೆ ಸೀಟು ದೊರೆಯುವ ಸಾಧ್ಯತೆ ಹೆಚ್ಚಿರುವುದನ್ನು ಕಂಡುಕೊಂಡಿತು. ದೂರದಿಂದಲೇ ಮಾಡಿದ ಸಂಪರ್ಕಕ್ಕೆ ಅಷ್ಟು ಬಲವಿರಲಿಲ್ಲ. ಭೇಟಿಗೆ ಹಣ ಬೇಕು. ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಅರ್ಜಿ ಸಲ್ಲಿಸುವ ವಿದ್ಯಾರ್ಥಿಯಿರಲಿ, ಅಮೆರಿಕದಲ್ಲೇ ಇರುವ ಬಡ ಕುಟುಂಬದ ಮಕ್ಕಳಿಗೂ ಅದು ಸುಲಭವಲ್ಲ. 2020ರ ಕೋವಿಡ್ ಕಾಲದಲ್ಲಿ ಹೆಚ್ಚಿದ ಆನ್‌ಲೈನ್ ಮಾಹಿತಿ ಸಭೆ ಮತ್ತು ಸಂದರ್ಶನಗಳು ಈ ಅಂತರವನ್ನು ತಕ್ಕಮಟ್ಟಿಗೆ ಕಡಿಮೆ ಮಾಡಿವೆ.

ನಿಜವಾದ ಆಸಕ್ತಿಯ ಕುರುಹು

ದೂರದಲ್ಲಿರುವ ವಿದ್ಯಾರ್ಥಿಗೆ ಇರುವ ಪ್ರಬಲ ಸಾಧನವೆಂದರೆ ‘ಈ ಕಾಲೇಜೇ ಏಕೆ?’ ಎಂಬ ಪೂರಕ ಪ್ರಬಂಧ. ಅದಕ್ಕೆ ಪ್ರಯಾಣದ ವೆಚ್ಚವಿಲ್ಲ. ಅಧ್ಯಯನದ ಶ್ರಮವಷ್ಟೇ ಬೇಕು. ಕಾಲೇಜಿನ ಹೆಸರನ್ನು ತೆಗೆದು ಬೇರೊಂದರ ಹೆಸರನ್ನು ಹಾಕಿದರೂ ಹೊಂದುವಂತಿರುವ ಪ್ರಬಂಧ ಯಾವ ಕಾಲೇಜಿಗೂ ಸಲ್ಲದು. ಹೆಸರುವಾಸಿ ಸಂಸ್ಥೆ, ಸುಂದರ ಪರಿಸರ, ಶ್ರೇಷ್ಠ ಅಧ್ಯಾಪಕರು ಎಂಬ ಮಾತುಗಳನ್ನು ಪ್ರವೇಶಾಧಿಕಾರಿಗಳು ದಿನಕ್ಕೆ ಹಲವು ಬಾರಿ ಓದಿರುತ್ತಾರೆ.

ಇದಕ್ಕೆ ಬದಲಾಗಿ, ಆ ಕಾಲೇಜಿನ ಪಠ್ಯಕ್ರಮದಲ್ಲಿ ಯಾವ ವಿಷಯ ತನ್ನನ್ನು ಸೆಳೆಯಿತು, ತಾನು ಈವರೆಗೆ ಮಾಡಿದ ಕೆಲಸಕ್ಕೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿದ್ಯಾರ್ಥಿ ಸ್ಪಷ್ಟವಾಗಿ ಬರೆಯಬೇಕು. ತನ್ನೂರಿನ ಕೆರೆಯ ನೀರಿನ ಗುಣಮಟ್ಟವನ್ನು ಪರೀಕ್ಷಿಸಿದ ವಿದ್ಯಾರ್ಥಿನಿಯೊಬ್ಬಳು ಪರಿಸರ ಎಂಜಿನಿಯರಿಂಗನ್ನು ಪದವಿ ಮಟ್ಟದಲ್ಲೇ ಪ್ರಯೋಗಾಲಯದ ಕೆಲಸದೊಂದಿಗೆ ಕಲಿಸುವ ಕಾಲೇಜನ್ನು ಆರಿಸಿಕೊಂಡರೆ, ಆ ಆಯ್ಕೆಗೆ ಬೇರೆ ಸಮರ್ಥನೆ ಬೇಕಿಲ್ಲ.

ಇನ್ನು ಕೆಲವು ಸಣ್ಣ ಎಚ್ಚರಿಕೆಗಳೂ ಅಗತ್ಯ. ಅರ್ಜಿ, ಸಭೆಯ ನೋಂದಣಿ ಮತ್ತು ಪತ್ರವ್ಯವಹಾರಗಳಿಗೆ ವಿದ್ಯಾರ್ಥಿಯ ಸ್ವಂತ ಇಮೇಲ್ ಒಂದನ್ನೇ ಬಳಸಬೇಕು. ಒಮ್ಮೆ ತಂದೆಯ, ಇನ್ನೊಮ್ಮೆ ಸೈಬರ್ ಸೆಂಟರ್‌ನ ವಿಳಾಸ ಕೊಟ್ಟರೆ ದಾಖಲೆಗಳು ಒಂದೆಡೆ ಕೂಡಿಬರುವುದಿಲ್ಲ. ಪತ್ರಗಳನ್ನು ಪೋಷಕರಾಗಲಿ ಏಜೆಂಟರಾಗಲಿ ಬರೆಯಬಾರದು. ಜಾಲತಾಣದಲ್ಲೇ ಉತ್ತರವಿರುವ ಪ್ರಶ್ನೆಯನ್ನು ಕೇಳುವುದು ಆಸಕ್ತಿಯ ಬದಲು ಉದಾಸೀನವನ್ನೇ ತೋರಿಸುತ್ತದೆ.

‘ಅರ್ಲಿ ಡಿಸಿಷನ್’: ಸಹಿಗೆ ಮುನ್ನ ಯೋಚನೆ

ಆಸಕ್ತಿಯ ಅತ್ಯಂತ ಬಲವಾದ ಅಭಿವ್ಯಕ್ತಿ ‘ಅರ್ಲಿ ಡಿಸಿಷನ್’. ಸಾಮಾನ್ಯವಾಗಿ ನವೆಂಬರ್ ಮೊದಲ ಭಾಗದಲ್ಲಿ ಅರ್ಜಿ ಸಲ್ಲಿಸಬೇಕು. ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ ಬರುತ್ತದೆ. ಸೀಟು ದೊರೆತರೆ ಅಲ್ಲಿಯೇ ಸೇರುವುದಾಗಿಯೂ ಉಳಿದ ಅರ್ಜಿಗಳನ್ನು ಹಿಂಪಡೆಯುವುದಾಗಿಯೂ ವಿದ್ಯಾರ್ಥಿ, ಪೋಷಕರು ಮತ್ತು ಶಾಲೆಯ ಸಲಹೆಗಾರರು ಸಹಿ ಹಾಕಬೇಕು. ಈ ಕಾರಣಕ್ಕೆ ಒಬ್ಬ ವಿದ್ಯಾರ್ಥಿ ಒಂದೇ ಕಾಲೇಜಿಗೆ ಈ ಬಗೆಯ ಅರ್ಜಿ ಹಾಕಬಹುದು. ‘ಅರ್ಲಿ ಆ್ಯಕ್ಷನ್’ ಎಂಬ ಇನ್ನೊಂದು ಕ್ರಮದಲ್ಲಿ ಫಲಿತಾಂಶ ಬೇಗ ಬಂದರೂ ಇಂತಹ ಬದ್ಧತೆ ಇರುವುದಿಲ್ಲ.

ಅರ್ಲಿ ಡಿಸಿಷನ್ನಿನ ಅಪಾಯವಿರುವುದು ಹಣಕಾಸಿನ ವಿಷಯದಲ್ಲಿ. ಇತರರು ಮೇ 1ರ ಗಡುವಿನೊಳಗೆ ಹಲವು ಕಾಲೇಜುಗಳ ನೆರವಿನ ಮೊತ್ತವನ್ನು ಹೋಲಿಸಿ ನಿರ್ಧರಿಸಬಹುದು. ಬದ್ಧರಾದವರಿಗೆ ಆ ಅವಕಾಶವಿಲ್ಲ. ನೆರವು ಸಾಲದಿದ್ದರೆ ಒಪ್ಪಂದದಿಂದ ಹೊರಬರಲು ಅವಕಾಶವಿದೆಯಾದರೂ ಅಷ್ಟರಲ್ಲಿ ಬೇರೆ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ಸಮಯ ಮುಗಿಯುತ್ತ ಬಂದಿರುತ್ತದೆ. ಇದಲ್ಲದೆ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮುಂತಾದ ಕೆಲವೇ ಸಂಸ್ಥೆಗಳನ್ನು ಬಿಟ್ಟರೆ, ವಿದೇಶಿ ಅಭ್ಯರ್ಥಿ ನೆರವು ಕೋರಿರುವುದನ್ನು ಪ್ರವೇಶದ ನಿರ್ಧಾರದಲ್ಲಿ ಗಮನಿಸುವ ಕಾಲೇಜುಗಳೇ ಹೆಚ್ಚು. ಆದ್ದರಿಂದ ಕಾಲೇಜುಗಳ ಜಾಲತಾಣದಲ್ಲಿರುವ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ವಿದೇಶಿ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆಯೇ ಎಂದು ವಿಚಾರಿಸಿ, ನಾಲ್ಕು ವರ್ಷಗಳ ಒಟ್ಟು ವೆಚ್ಚವನ್ನು ಲೆಕ್ಕಹಾಕಿದ ನಂತರವೇ ಪೋಷಕರು ಸಹಿ ಹಾಕುವುದು ಕ್ಷೇಮ. ಜಮೀನು ಅಡವಿಟ್ಟು ಸಾಲ ತೆಗೆಯುವ ಕುಟುಂಬಕ್ಕೆ ಈ ಒಂದು ಸಹಿಯ ಬೆಲೆ ದೊಡ್ಡದು.

ಆಸಕ್ತಿಯ ತೂಕ ಅಂಕಗಳಿಗೆ ಸಮನಾದುದಲ್ಲ ಎಂಬುದನ್ನೂ ಮರೆಯಬಾರದು. ಅರ್ಹತೆಯಿಲ್ಲದ ಕಡೆ ಅದು ಸೀಟು ಕೊಡಿಸುವುದಿಲ್ಲ. ಸರಿಸಮಾನರಾದ ಇಬ್ಬರ ನಡುವೆ ತಕ್ಕಡಿಯನ್ನು ಕೊಂಚ ವಾಲಿಸಬಹುದಷ್ಟೆ. ಆದರೆ ಕಾಲೇಜನ್ನು ಚೆನ್ನಾಗಿ ಅರಿಯುವ ಶ್ರಮ ಯಾವ ಸಂದರ್ಭದಲ್ಲೂ ವ್ಯರ್ಥವಾಗದು. ಇಪ್ಪತ್ತು ಕಾಲೇಜುಗಳ ಪಟ್ಟಿಯನ್ನು ಹಾಗೆ ಪರಿಶೀಲಿಸಿದ ವಿದ್ಯಾರ್ಥಿಗೆ, ಅವುಗಳಲ್ಲಿ ತನಗೆ ನಿಜವಾಗಿ ಬೇಕಾದವು ಏಳೋ ಎಂಟೋ ಮಾತ್ರವೆಂದು ತಿಳಿದುಬರಬಹುದು. ಉಳಿದವುಗಳ ಅರ್ಜಿ ಶುಲ್ಕವಾದರೂ ಆಗ ಉಳಿಯುತ್ತದೆ.