ಸಸ್ಯಾಹಾರ, ಮಾಂಸಾಹಾರ ಮತ್ತು ದೀರ್ಘಕಾಲದ ಆರೋಗ್ಯ: ಮಾಸ್ತಿ ಸೀಮೆಯ ಊಟದ ನೆಲೆಯಿಂದ ಒಂದು ಮರುಪರಿಶೀಲನೆ

ಸಸ್ಯಾಹಾರಿಗಳು ಹೆಚ್ಚು ಕಾಲ ಬಾಳುತ್ತಾರೆಯೇ ಎಂಬ ಚರ್ಚೆ ಬಂದಾಗಲೆಲ್ಲ ಎರಡು ಅಧ್ಯಯನಗಳ ಹೆಸರು ಕೇಳಿಬರುತ್ತದೆ. ಒಂದು, ಅಡ್ವೆಂಟಿಸ್ಟ್ ಕ್ರೈಸ್ತ ಪಂಥದ 73,308 ಮಂದಿಯನ್ನು ಕುರಿತ 2013ರ ಅಮೆರಿಕದ ವರದಿ. ಅದರಲ್ಲಿ ಸಸ್ಯಾಹಾರಿಗಳ ಸಾವಿನ ಪ್ರಮಾಣ ಶೇ. 12ರಷ್ಟು ಕಡಿಮೆ ಇತ್ತು. ಇನ್ನೊಂದು, 48,188 ಮಂದಿಯನ್ನು ಸುಮಾರು 18 ವರ್ಷ ಗಮನಿಸಿ 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ. ಅಲ್ಲಿ ಸಸ್ಯಾಹಾರಿಗಳಿಗೆ ಹೃದ್ರೋಗ ಶೇ. 22ರಷ್ಟು ಕಡಿಮೆ, ಪಾರ್ಶ್ವವಾಯು ಶೇ. 20ರಷ್ಟು ಹೆಚ್ಚು. ಈ ಅಂಕಿಗಳನ್ನು ಮಾಲೂರು ತಾಲ್ಲೂಕಿನ ಮಾಸ್ತಿ ಹೋಬಳಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದು ಈ ಲೇಖನದ ವಾದ. ಅಲ್ಲಿನ ಮಾಂಸಾಹಾರಿಯೇ ಬೇರೆ, ಇಲ್ಲಿನ ಮಾಂಸಾಹಾರಿಯೇ ಬೇರೆ.

ಕೋಲಾರ ಸೀಮೆಯಲ್ಲಿ ಮಾಂಸ ತಿನ್ನುವ ಮನೆಯ ಒಂದು ವಾರವನ್ನು ಹತ್ತಿರದಿಂದ ನೋಡಬೇಕು. ಸೋಮವಾರ, ಶನಿವಾರ ಎಷ್ಟೋ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಶ್ರಾವಣ ಬಂದರೆ ತಿಂಗಳಿಡೀ ಬಿಡುವವರುಂಟು. ಭಾನುವಾರ ಕೋಳಿಯೋ ಕುರಿಯೋ, ಯುಗಾದಿಯ ಮಾರನೆಯ ದಿನ ವರ್ಷದತೊಡಕು, ಊರಹಬ್ಬಕ್ಕೆ ಬಾಡೂಟ. ತಂದ ಅರ್ಧ ಕೆ.ಜಿ. ಮಾಂಸಕ್ಕೆ ಧನಿಯ, ಕಾಯಿ, ಚಕ್ಕೆ, ಲವಂಗ ರುಬ್ಬಿ ಹಾಕಿ, ಮೇಲೊಂದಿಷ್ಟು ಆಲೂಗಡ್ಡೆಯೋ ಅವರೆಕಾಳೋ ಸೇರಿಸಿ ಮನೆಮಂದಿಗೆಲ್ಲ ಸಾಲುವಷ್ಟು ಸಾರು ಮಾಡುತ್ತಾರೆ. ತಟ್ಟೆಗೆ ಬೀಳುವುದು ಎರಡು ಮೂರು ತುಂಡು. ಮುದ್ದೆ ಇಳಿಯುವುದು ಸಾರಿನಲ್ಲಿ. ಉಳಿದ ದಿನ ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು. ಆ ದಿನಗಳಲ್ಲಿ ಈ ತಟ್ಟೆಗೂ ಪಕ್ಕದ ಸಸ್ಯಾಹಾರಿ ಮನೆಯ ತಟ್ಟೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂನಂತೆ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿತು. ಆ ಎಚ್ಚರಿಕೆ ದಿನನಿತ್ಯ ಸಾಸೇಜು, ಬೇಕನ್ ತಿನ್ನುವವರನ್ನು ಕುರಿತದ್ದು. ವಾರಕ್ಕೊಮ್ಮೆ ಮನೆಯಲ್ಲಿ ಬೆಂದ ಸಾರಿಗೆ ಅದನ್ನು ಅಂಟಿಸುವುದು ಸರಿಯಲ್ಲ.

ಹೋಲಿಕೆಗೆ ಇನ್ನೊಂದು ತೊಡಕಿದೆ. ಈ ಊರಿನ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿ 1986ರವರೆಗೆ, ತುಂಬು 95 ವರ್ಷ ಬಾಳಿದರು. ಶ್ರೀವೈಷ್ಣವ ಮನೆತನದವರು. ಅವರ ಆಯಸ್ಸನ್ನು ಸಸ್ಯಾಹಾರದ ಲೆಕ್ಕಕ್ಕೆ ಬರೆಯುವ ಮುನ್ನ, ಅವರಿಗಿದ್ದ ಉನ್ನತ ಶಿಕ್ಷಣ, ಮೈಸೂರು ಸಿವಿಲ್ ಸರ್ವೀಸಿನ ಹುದ್ದೆ, ಬೆಂಗಳೂರಿನ ವಾಸ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಆಹಾರದ ಗೆರೆ ಬಹುಮಟ್ಟಿಗೆ ಜಾತಿಯ ಗೆರೆ. ಅದರ ಜೊತೆಗೇ ಜಮೀನು, ಓದು, ವೈದ್ಯರ ಬಳಿಗೆ ಹೋಗುವ ಅನುಕೂಲ ಎಲ್ಲವೂ ಹೆಣೆದುಕೊಂಡಿವೆ. ಈ ದೃಷ್ಟಿಯಿಂದ ಇಂಡಿಯನ್ ಮೈಗ್ರೇಶನ್ ಸ್ಟಡಿ ಹೆಚ್ಚು ಉಪಯುಕ್ತ. ಬೆಂಗಳೂರಿನದೂ ಸೇರಿ ನಾಲ್ಕು ನಗರಗಳ ಕಾರ್ಖಾನೆ ಕೆಲಸಗಾರರನ್ನೂ ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಅದು ಪರೀಕ್ಷಿಸಿತು. 2014ರ ಅದರ ವರದಿಯಲ್ಲಿ ಸಸ್ಯಾಹಾರಿಗಳ ಕೊಲೆಸ್ಟರಾಲ್ ಕಡಿಮೆ ಇತ್ತು ನಿಜ, ಆದರೆ ಅಂತರ ಸಣ್ಣದು.

ಸಸ್ಯಾಹಾರದ ನಿಜವಾದ ಕೊರತೆ ಬಿ12 ಜೀವಸತ್ವದ್ದು. ಸೊಪ್ಪು, ಕಾಳು, ರಾಗಿ ಯಾವುದರಲ್ಲೂ ಅದಿಲ್ಲ. ಹಾಲು, ಮೊಟ್ಟೆ, ಮಾಂಸ, ಮೀನುಗಳಿಂದಲೇ ಸಿಗಬೇಕು. 1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಆಧರಿಸಿದ ಪಾರ್ಥೆನಾನ್ ಅಧ್ಯಯನದಲ್ಲಿ ಶೇ. 43 ಮಂದಿಗೆ ಬಿ12 ಕಡಿಮೆ ಇತ್ತು; ಅಂಥವರಲ್ಲಿ ಬೊಜ್ಜು, ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡವು. ಅಷ್ಟು ಮಂದಿಯಲ್ಲಿ ಕೊರತೆ ಕಂಡಿರುವಾಗ, ಅಪರೂಪಕ್ಕೆ ಮಾಂಸ ತಿನ್ನುವವರು ಇದರಿಂದ ಪಾರು ಎಂದುಕೊಳ್ಳಲು ಬರುವುದಿಲ್ಲ. ಕೋಲಾರ ಹೈನುಗಾರಿಕೆಗೆ ಹೆಸರಾದ ಜಿಲ್ಲೆ. ಆದರೆ ಮುಂಜಾನೆ ಕರೆದ ಹಾಲು ಕ್ಯಾನಿನಲ್ಲಿ ಡೇರಿಗೆ ಹೋಗುತ್ತದೆ, ಮನೆಯಲ್ಲಿ ಉಳಿಯುವುದು ಎಷ್ಟೋ ಸಲ ಕಾಫಿಗಾಗುವಷ್ಟು ಮಾತ್ರ. ಒಂದು ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಬಿ12 ಇದೆ. ದಿನದ ಅಗತ್ಯ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು. ಹಸು ಕಟ್ಟಿದ ಮನೆಯ ಹೆಂಗಸರಿಗೇ ಆ ಲೋಟ ಸಿಗದಿದ್ದರೆ, ಅವರ ಸಸ್ಯಾಹಾರವನ್ನು ಹಾಲುಳ್ಳ ಸಸ್ಯಾಹಾರ ಎಂದು ದಾಖಲಿಸುವುದು ತಪ್ಪಾಗುತ್ತದೆ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು, ಮೊಟ್ಟೆ ಕೊಡುವುದನ್ನು ನಾನು ಮನಸಾರೆ ಬೆಂಬಲಿಸುವುದು ಈ ಕಾರಣಕ್ಕೆ. ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣು ಕೊಡುತ್ತಾರೆ. ಬಿ12ರ ಮಟ್ಟಿಗೆ ಅದು ಮೊಟ್ಟೆಗೆ ಬದಲಿಯಲ್ಲ.

ಮೂಳೆಯ ವಿಷಯದಲ್ಲಿ ಲೆಕ್ಕವೇ ಬೇರೆಯಾಗುತ್ತದೆ. ಹಾಲನ್ನೂ ಬಿಟ್ಟ ಬ್ರಿಟನ್ನಿನ ಸಸ್ಯಾಹಾರಿಗಳಲ್ಲಿ ಮೂಳೆಮುರಿತ ಶೇ. 43ರಷ್ಟು ಹೆಚ್ಚು ಎಂದು 2020ರಲ್ಲಿ ವರದಿಯಾಯಿತು. ಅವರಿಗೆ ರಾಗಿ ಇರಲಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಅವರಿಗಿಲ್ಲದ ಫ್ಲೋರೈಡ್ ಕಾಟ ಕೋಲಾರ ಜಿಲ್ಲೆಗಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5. ಆಳದ ಬೋರ್‌ವೆಲ್ ನೀರು ಈ ಮಿತಿ ದಾಟಿದ ಹಳ್ಳಿಗಳಲ್ಲಿ, ಸುಣ್ಣದಂಶ ಕಡಿಮೆ ತಿನ್ನುವವರ ಮೂಳೆಗೆ ಹಾನಿ ಹೆಚ್ಚು. ನೀರನ್ನು ಅಳೆಯದೆ ಇಲ್ಲಿ ಮೂಳೆಯ ಬಗ್ಗೆ ಆಹಾರದಿಂದಷ್ಟೇ ತೀರ್ಮಾನಕ್ಕೆ ಬರಲಾಗದು.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದರೆ, ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಭಾರತೀಯರ ಆಹಾರದ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಒಟ್ಟು ಶಕ್ತಿಯ ಶೇ. 5ರಷ್ಟು ಪಾಲನ್ನು ಪಿಷ್ಟದ ಬದಲು ಕಾಳು, ಹಾಲು, ಮೊಟ್ಟೆ ಅಥವಾ ಮೀನಿನ ಪ್ರೋಟೀನು ತುಂಬಿದರೆ ಅಪಾಯ ತಗ್ಗುತ್ತದೆ. ಪಿಷ್ಟದ ಒಟ್ಟು ಪ್ರಮಾಣವನ್ನು ಇಳಿಸದೆ ಅಕ್ಕಿಯ ಜಾಗಕ್ಕೆ ಸಿರಿಧಾನ್ಯ ತಂದರೆ ಅಂಥ ಲಾಭ ಕಾಣಲಿಲ್ಲ. ರಾಗಿಯನ್ನು ಹೊಗಳುವ ನಮಗೆ ಇದು ಕಹಿಯೆನಿಸಿದರೂ ಒಪ್ಪಬೇಕಾದ ಮಾತು. ಇಡೀ ದಿನ ಹೊಲದಲ್ಲಿ ಮೈಮುರಿದು ದುಡಿದವರಿಗೆ ಹೊಂದುತ್ತಿದ್ದ ಎರಡು ಮುದ್ದೆ, ಬೈಕಿನಲ್ಲಿ ಓಡಾಡುವ ಅವರ ಮಕ್ಕಳಿಗೆ ಹೆಚ್ಚೇ. ಮುದ್ದೆ ಚಿಕ್ಕದಾಗಬೇಕು, ಸಾರಿನಲ್ಲಿ ಕಾಳು ದಟ್ಟವಾಗಬೇಕು.

ಆದ್ದರಿಂದ ಮಾಸ್ತಿ ಹೋಬಳಿಯಲ್ಲಿ ಮುಂದೆ ಅಧ್ಯಯನ ಕೈಗೊಳ್ಳುವವರು 'ಸಸ್ಯಾಹಾರಿಯೋ ಮಾಂಸಾಹಾರಿಯೋ' ಎಂಬ ಒಂದೇ ಪ್ರಶ್ನೆ ಕೇಳಿ ಮುಂದಿನ ಮನೆಗೆ ಹೋಗಬಾರದು. ವಾರಕ್ಕೆ ಎಷ್ಟು ಸಲ ಮಾಂಸ, ತಲೆಗೆ ಎಷ್ಟು ಗ್ರಾಂ, ಅದು ಮನೆಯ ಸಾರೋ ರಸ್ತೆಬದಿಯ ಎಣ್ಣೆಯಲ್ಲಿ ಕರಿದ ಕಬಾಬೋ, ಡೇರಿಗೆ ಹಾಕಿದ ಮೇಲೆ ಉಳಿದ ಹಾಲು ಯಾರ ಲೋಟಕ್ಕೆ ಹೋಗುತ್ತದೆ, ಕಾಳು ಎಷ್ಟು ದಿನ, ಮನೆಗೆ ಯಾವ ಬೋರ್‌ವೆಲ್‌ನ ನೀರು ಎಂದು ಕೇಳಬೇಕು. ಹೆಂಗಸರ ತಟ್ಟೆಯ ಬಗ್ಗೆ ಗಂಡಸರನ್ನಲ್ಲ, ಅವರನ್ನೇ ಕೇಳಬೇಕು.