ಕಂಡರಿಯದ್ದು, ಅಪೂರ್ವ, ಚೊಚ್ಚಲ: ಹಿಂದೆಂದೂ ನಡೆಯದ್ದಕ್ಕೆ ಕನ್ನಡದ ಮಾತುಗಳು

2023ರ ಜುಲೈ ತಿಂಗಳಲ್ಲಿ ಅಮೆರಿಕದ ಮೇಜರ್ ಲೀಗ್ ಕ್ರಿಕೆಟ್ ಶುರುವಾಯಿತು. ಮೊದಲ ವರ್ಷದ ಪಂದ್ಯಗಳು ನಡೆದದ್ದು ಎರಡೇ ಊರುಗಳಲ್ಲಿ: ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿ ಮತ್ತು ಉತ್ತರ ಕ್ಯಾರೊಲಿನಾದ ಮಾರಿಸ್‌ವಿಲ್. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರಿಗೆ ಮಾರಿಸ್‌ವಿಲ್‌ನ ಚರ್ಚ್ ಸ್ಟ್ರೀಟ್ ಪಾರ್ಕ್ ಮನೆಯಂಗಳದಷ್ಟು ಹತ್ತಿರ. ಆ ಪಂದ್ಯಗಳನ್ನು ಕನ್ನಡದಲ್ಲಿ ಯಾವ ಮಾತಿನಿಂದ ಬಣ್ಣಿಸಬೇಕು? ‘ಅಭೂತಪೂರ್ವ’ ಎಂದು ಬರೆದುಬಿಡುವುದು ಸುಲಭ. ಆದರೆ ಅದೇ ಮೈದಾನದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಟ್ವೆಂಟಿ-20 ವಿಶ್ವಕಪ್‌ನ ಅಮೆರಿಕ ವಲಯದ ಅರ್ಹತಾ ಪಂದ್ಯಗಳು ನಡೆದಿದ್ದವು. ನೋಡಲು ಕೂತವರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯಗಳನ್ನು ಕಂಡು ಬೆಳೆದವರಿಗೂ ಕೊರತೆಯಿರಲಾರದು. ಸಮಾನಾರ್ಥಕ ಎಂದು ನಾವು ಒಂದೇ ಸಾಲಿನಲ್ಲಿ ಕೂರಿಸುವ ಈ ಪದಗಳು ನಿಜಕ್ಕೂ ಸಮಾನವಲ್ಲ. ಒಂದೊಂದರ ಹಿಂದೆಯೂ ಬೇರೆ ಬೇರೆ ಚರಿತ್ರೆ ಇದೆ.

‘ಅಭೂತಪೂರ್ವ’ದ ಒಳಗಿರುವ ‘ಭೂತಪೂರ್ವ’ ಪಾಣಿನಿಯಷ್ಟು ಹಳೆಯದು. ‘ಪೂರ್ವಂ ಭೂತಃ’ ಎಂದು ಬಿಡಿಸುವ ಈ ಸಮಾಸದಲ್ಲಿ ನಿಯಮದ ಪ್ರಕಾರ ‘ಪೂರ್ವ’ವೇ ಮೊದಲು ಬರಬೇಕಿತ್ತು. ಪಾಣಿನಿ ತನ್ನ ಐದನೆಯ ಅಧ್ಯಾಯದ ಒಂದು ಸೂತ್ರದಲ್ಲಿ ‘ಭೂತಪೂರ್ವ’ ಎಂದೇ ಪ್ರಯೋಗಿಸಿರುವುದರಿಂದ ಆ ಕ್ರಮವೇ ಸರಿ ಎಂದು ಮುಂದಿನ ವೈಯಾಕರಣರು ಒಪ್ಪಿಕೊಂಡರು. ಇದೇ ಅಚ್ಚಿನಲ್ಲಿ ‘ಅದೃಷ್ಟಪೂರ್ವ’, ‘ಅಶ್ರುತಪೂರ್ವ’ಗಳೂ ಮೂಡಿದವು: ಮೊದಲು ಕಾಣದ್ದು, ಮೊದಲು ಕೇಳದ್ದು. ವಿಶ್ವರೂಪವನ್ನು ಕಂಡು ನಡುಗುವ ಅರ್ಜುನನ ಬಾಯಲ್ಲಿ ಗೀತೆಯ ಹನ್ನೊಂದನೆಯ ಅಧ್ಯಾಯ ಇಟ್ಟಿರುವ ಪದ ‘ಅದೃಷ್ಟಪೂರ್ವ’. ‘ಅಭೂತಪೂರ್ವ’ ಎನ್ನಲಿಲ್ಲ. ಅರ್ಜುನ ಹೇಳುವುದು ತನ್ನ ಕಣ್ಣಿನ ಮಾತು. ಲೋಕದಲ್ಲಿ ಹಿಂದೆ ಏನಿತ್ತು, ಏನಿರಲಿಲ್ಲ ಎಂಬ ಲೆಕ್ಕ ಅವನದಲ್ಲ.

‘ಅಪೂರ್ವ’ದ ದಾರಿ ಇನ್ನೂ ಸ್ವಾರಸ್ಯದ್ದು. ಮೀಮಾಂಸಕರಿಗೆ ಅದು ಪಾರಿಭಾಷಿಕ ಪದ. ಇಂದು ಮಾಡಿದ ಯಾಗ ಇಂದೇ ಮುಗಿಯುತ್ತದೆ, ಫಲ ಮಾತ್ರ ಎಂದೋ ಬರುತ್ತದೆ. ಈ ಎರಡನ್ನೂ ಬೆಸೆಯುವ, ಅದುವರೆಗೆ ಇಲ್ಲದೆ ಹೊಸದಾಗಿ ಹುಟ್ಟುವ ಶಕ್ತಿಯೇ ‘ಅಪೂರ್ವ’. ಕನ್ನಡದಲ್ಲಿ ಅದು ಮೆತ್ತಗಾಯಿತು. ‘ಅವರು ನಮ್ಮ ಮನೆಗೆ ಬರುವುದೇ ಅಪೂರ್ವ’ ಎಂದರೆ ಬಂದೇ ಇಲ್ಲ ಎಂದಲ್ಲ, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುತ್ತಾರೆ ಎಂದು. ‘ಅಪರೂಪ’ವೂ ಇದರ ತದ್ಭವ ಎನ್ನುವುದೇ ನನಗೆ ಸರಿ ಕಾಣುತ್ತದೆ. ಸಂಸ್ಕೃತದಲ್ಲಿ ‘ಅಪರೂಪ’ ಎಂದರೆ ಕೆಟ್ಟ ರೂಪ; ವಿರಳ ಎಂಬ ಅರ್ಥ ಅಲ್ಲಿಂದ ಬರುವುದು ಕಷ್ಟ. ಪಕ್ಕದ ತೆಲುಗಿನ ‘ಅಪುರೂಪಮು’ ಕೂಡ ಇದೇ ದಾರಿ ತೋರುತ್ತದೆ. ಇತ್ತ ‘ಅದೃಷ್ಟ’ವಂತೂ ‘ಪೂರ್ವ’ವನ್ನು ಕಳಚಿಕೊಂಡು, ಕಾಣದ ಕರ್ಮಫಲವಾಗಿ, ಕೊನೆಗೆ ಲಾಟರಿ ಟಿಕೆಟ್ಟಿನ ಮೇಲೆ ಬಂದು ಕೂತಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅಚ್ಚಗನ್ನಡದ ‘ಕಂಡರಿಯದ’, ‘ಕಂಡು ಕೇಳರಿಯದ’. ಹಳಗನ್ನಡದಲ್ಲಿ ನಿಷೇಧಕ್ಕೆ ಕಾಲವಿಲ್ಲ. ‘ಕೇಳೆಂ’ ಎಂದರೆ ಕೇಳಲಿಲ್ಲ, ಕೇಳುವುದಿಲ್ಲ, ಕೇಳೆನು, ಮೂರೂ ಹೌದು. ಕಾಲಸೂಚಕ ಪ್ರತ್ಯಯ ಅಲ್ಲಿ ಬರುವುದೇ ಇಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಪ್ರತಿಷೇಧ ರೂಪಗಳನ್ನು ವಿವರಿಸಿದ್ದಾನೆ. ಹೊಸಗನ್ನಡ ಈ ಒಂದನ್ನು ಒಡೆದು ‘ನೋಡಲಿಲ್ಲ’, ‘ನೋಡಿಲ್ಲ’, ‘ನೋಡುವುದಿಲ್ಲ’ ಎಂದು ಬೇರೆ ಬೇರೆ ಮಾಡಿತು. ಆದರೆ ‘ಬಾರದ’, ‘ಅರಿಯದ’ ಎಂಬ ಕೃದಂತಗಳಲ್ಲಿ ಹಳೆಯ ಗುಣ ಇನ್ನೂ ಉಳಿದಿದೆ. ‘ಬಾರದ ಮಳೆ’ ನಿನ್ನೆಯದೂ ಆಗಬಹುದು, ನಾಳೆಯದೂ ಆಗಬಹುದು. ‘ನ ಭೂತೋ ನ ಭವಿಷ್ಯತಿ’ ಎನ್ನಲು ಸಂಸ್ಕೃತಕ್ಕೆ ಎರಡು ‘ನ’ಕಾರ, ಎರಡು ಕಾಲ ಬೇಕಾದವು. ಕನ್ನಡದ ‘ಅರಿಯದ’ ಕಾಲದ ಹಂಗೇ ಇಲ್ಲದೆ ನಿಲ್ಲುತ್ತದೆ. ಜೊತೆಗೆ ಅದರಲ್ಲಿ ಒಬ್ಬ ಸಾಕ್ಷಿ ಇದ್ದಾನೆ: ಕಾಣುವ ಕಣ್ಣು, ಕೇಳುವ ಕಿವಿ, ಅರಿಯುವ ಮನಸ್ಸು. ‘ಹಿಂದೆಂದೂ’ ಮತ್ತು ‘ಮುನ್ನೆಂದೂ’ ಒಂದೇ ಅರ್ಥ ಕೊಡುವುದೂ ಸೋಜಿಗವೇ. ಕಳೆದ ಕಾಲ ಕನ್ನಡಿಗನಿಗೆ ಬೆನ್ನ ಹಿಂದೆಯೂ ಇದೆ, ಕಣ್ಣ ಮುಂದೆಯೂ ಇದೆ.

‘ಪೊಸತು’ ಬೇರೆಯೇ ಜಾತಿಯ ಪದ. ಪಂಪ ಆದಿಪುರಾಣದಲ್ಲಿ ತನ್ನ ಕವಿತೆಯನ್ನು ಕಡಲಿನಂತೆ ದಿನವೂ ಹೊಸದೆನ್ನುವಾಗ ಹೇಳುವುದು ಹಳತಾಗದ ಗುಣವನ್ನು. ಹಿಂದೆ ಇರಲಿಲ್ಲ ಎಂಬುದು ಅಲ್ಲಿನ ಮಾತಲ್ಲ.

ಸಾಕ್ಷಿಯ ಮಾತಿಗೂ ಲೋಕದ ಮಾತಿಗೂ ಇರುವ ಈ ಅಂತರ ಮಾರಿಸ್‌ವಿಲ್‌ನಂಥ ಊರಿನಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಊರಿಗೆ ತಾಗಿಕೊಂಡಿರುವ ರಾಲೀ-ಡರಮ್ ವಿಮಾನ ನಿಲ್ದಾಣದಲ್ಲಿ 2000ದ ಜನವರಿ 24-25ರಂದು 20.3 ಇಂಚು ಹಿಮ ಬಿದ್ದದ್ದು ದಾಖಲೆ. ಅಲ್ಲಿಗೆ ‘ಅಭೂತಪೂರ್ವ’ ಸಲ್ಲುತ್ತದೆ, ಏಕೆಂದರೆ ಹಿಂದಿನದನ್ನು ಅಳೆದಿಟ್ಟ ಪುಸ್ತಕ ಇದೆ. ಹಾಸನದಿಂದ ಮಗಳ ಬಾಣಂತನಕ್ಕೆ ಬಂದ ತಾಯಿ ಅಡುಗೆಮನೆಯ ಕಿಟಕಿಯಲ್ಲಿ ಅರ್ಧ ಇಂಚು ಹಿಮ ಕಂಡು ‘ಅಯ್ಯೋ, ಇಂಥದ್ದು ನಾನು ನೋಡೇ ಇಲ್ಲ ಕಣೇ’ ಎಂದರೆ ಅದೂ ಅಷ್ಟೇ ನಿಜ. ‘ಕಂಡರಿಯೆ’ ಇಂದು ಆಡುಮಾತಿನಲ್ಲಿ ಹೀಗೆ ‘ನೋಡೇ ಇಲ್ಲ’ ಆಗಿ ಬಾಳುತ್ತಿದೆ. ಆ ಒಂದು ‘ಏ’ಕಾರ ಹಳೆಯ ‘ಅರಿ’ಯ ಭಾರವನ್ನೆಲ್ಲ ಹೊತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಇದೇ ರಾಜ್ಯದ ಪಶ್ಚಿಮ ಬೆಟ್ಟಗಳನ್ನು ಕೊಚ್ಚಿದಾಗ ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 1916ರ ಮಹಾಪೂರದ ಮಟ್ಟವನ್ನೂ ಮೀರಿತು. ಆ ನೀರಿನ ಎತ್ತರ ಅಭೂತಪೂರ್ವ. ಪ್ರವಾಹವನ್ನೇ ಅಭೂತಪೂರ್ವ ಎಂದರೆ 1916ರಲ್ಲಿ ಸತ್ತವರನ್ನು ಮರೆತಂತೆ. ಪತ್ರಿಕೆಗಳಲ್ಲಿ ‘ಅಭೂತಪೂರ್ವ ಸ್ವಾಗತ’, ‘ಅಭೂತಪೂರ್ವ ಯಶಸ್ಸು’ ಎಂದು ಬಳಸಿ ಬಳಸಿ ಆ ಪದ ಸವೆದುಹೋಗಿರುವುದು ನನಗೆ ನೋವಿನ ಸಂಗತಿ.

ಚರ್ಚ್ ಸ್ಟ್ರೀಟ್ ಪಾರ್ಕಿನ ಆ ಜುಲೈಗೆ ಒಪ್ಪುವ ಮಾತು ‘ಚೊಚ್ಚಲ’. ನಮ್ಮ ಕ್ರೀಡಾಪುಟಗಳು ಅದನ್ನು ಹೆರಿಗೆಮನೆಯಿಂದಲೇ ಎತ್ತಿಕೊಂಡವು: ಚೊಚ್ಚಲ ಬಸುರಿ, ಚೊಚ್ಚಲ ಮಗು, ಚೊಚ್ಚಲ ಶತಕ. ಈ ಸಾಲಿನ ಬೇರಾವ ಪದಕ್ಕೂ ಇಲ್ಲದ ಒಂದು ನಿರೀಕ್ಷೆ ಅದರಲ್ಲಿದೆ. ‘ನ ಭೂತೋ’ ಎಂದವರು ಮುಂದಿನ ಬಾಗಿಲನ್ನೂ ಮುಚ್ಚುತ್ತಾರೆ. ಚೊಚ್ಚಲ ಎಂದ ಮನೆಯಲ್ಲಿ ತೊಟ್ಟಿಲನ್ನು ಒರೆಸಿ ಅಟ್ಟದ ಮೇಲೆ ಎತ್ತಿಡುತ್ತಾರೆ.