ಆಗ್ರಾ ರೋಡಿನಲ್ಲಿ ಹಳೇ ಕಾರಿನ ಬೆಲೆ

ಭಾಂಡುಪ್ ಪಶ್ಚಿಮದ ಎಲ್‌ಬಿಎಸ್ ಮಾರ್ಗವನ್ನು ಹಳಬರು ಈಗಲೂ ಆಗ್ರಾ ರೋಡ್ ಎಂದೇ ಕರೆಯುತ್ತಾರೆ. ಒಂದು ಕಾಲಕ್ಕೆ ಇಟಲಿಯ ತೊರಿನೋ ನಗರ ಈ ರಸ್ತೆಯ ಮೇಲೆ ಎರಡು ಕಡೆ ಬಂದು ಕೂತಿತ್ತು. ಕುರ್ಲಾದಲ್ಲಿ ಫಿಯಟ್ ಕಾರುಗಳು ತಯಾರಾಗುತ್ತಿದ್ದವು. ಅಲ್ಲಿಂದ ಐದು ಸ್ಟೇಷನ್ ಮೇಲಕ್ಕೆ, ನಮ್ಮ ಭಾಂಡುಪಿನಲ್ಲಿ, ಸಿಯೆಟ್ ಟೈರುಗಳು. ಎರಡೂ ಹೆಸರುಗಳ ಕೊನೆಯ 'ಟಿ' ಅಕ್ಷರ ತೊರಿನೋ ಊರಿನದೇ. ನಾಲ್ಕು ತಿಂಗಳಿಂದ ನಾನೊಂದು ಹಳೇ ಕಾರು ಹುಡುಕುತ್ತಿದ್ದೇನೆ: ಚಿಕ್ಕದಿರಬೇಕು, ಆದರೆ ಕಾಲಿಟ್ಟರೆ ಚಿಮ್ಮಬೇಕು. ಬೆಲೆ ಸರಿಯೋ ತಪ್ಪೋ ಎಂದು ತಲೆ ಕೆಡಿಸಿಕೊಳ್ಳುತ್ತ ಈ ರಸ್ತೆಯ ಚರಿತ್ರೆಯೊಳಕ್ಕೆ ಇಳಿದೆ.

ಕುರ್ಲಾದ ಕಾರ್ಖಾನೆಯ ಹಿಂದೆ ನಮ್ಮವರೊಬ್ಬರಿದ್ದರು. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಾ ಸುತ್ತಿ ಬಂದು ಯೋಜನೆ ಸಿದ್ಧಮಾಡಿದ್ದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನದ ಜೊತೆಗೂ ಮಾತುಕತೆ ನಡೆಯಿತು, ಆದರೆ ಬ್ರಿಟಿಷ್ ಸರ್ಕಾರದ ಸಹಕಾರ ಸಿಗಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಕಾರಿನ ಕಂಪನಿ, ಪ್ರೀಮಿಯರ್ ಆಟೊಮೊಬೈಲ್ಸ್, ಹುಟ್ಟಿದ್ದು 1944ರಲ್ಲಿ, ಮುಂಬಯಿಯಲ್ಲಿ. ಹೀಗೆ ವಿಮಾನ ಬೆಂಗಳೂರಿಗೂ ಕಾರು ಕುರ್ಲಾಕ್ಕೂ ಹಂಚಿಕೆಯಾಯಿತು. ವಲಸೆ ಬಂದವರಿಗೆ ಇಂಥ ಅದಲುಬದಲು ಹೊಸದೇನಲ್ಲ ಬಿಡಿ.

1954ರಲ್ಲಿ ಬಂದ ಗುಂಡು ಮೈಯ ಫಿಯಟ್ 1100ಕ್ಕೆ ಮುಂಬಯಿಯವರು ಪ್ರೀತಿಯಿಂದ 'ಡುಕ್ಕರ್' ಎಂದು ಹೆಸರಿಟ್ಟರು. ಮರಾಠಿಯಲ್ಲಿ ಹಂದಿ. ಅದರದೇ ಸಂತತಿಯ 1100 ಡಿಲೈಟ್ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಇಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿ, ಇಪ್ಪತ್ತು ವರ್ಷದ ಆಯಸ್ಸು ಮುಗಿಸಿ 2023ರಲ್ಲಿ ರಸ್ತೆ ಬಿಟ್ಟಿತು.

ನನ್ನ ಹುಡುಕಾಟಕ್ಕೆ ಮುಖ್ಯವಾದ ಸಂಗತಿ ಬೇರೆ. ಆ ಕಾಲದಲ್ಲಿ ಹಳೇ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಸಿಗುತ್ತಿತ್ತು. ಎಷ್ಟು ಕಾರು ಮಾಡಬೇಕೆಂಬುದಕ್ಕೆ ಲೈಸೆನ್ಸ್, ಎಷ್ಟಕ್ಕೆ ಮಾರಬೇಕೆಂಬುದಕ್ಕೆ ಸರ್ಕಾರದ ಆದೇಶ. 1969ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಮೂರಕ್ಕೂ ಕಾರ್ಖಾನೆ ಬೆಲೆ ಕಟ್ಟಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಬೆಲೆ ವಿಚಾರಣೆಗೆ ಆಯೋಗ ಕೂತಿತು, 1971ರ ನವೆಂಬರಿನಲ್ಲಿ ತೀರ್ಪು ಬಂತು. ಒಂದು ಕಾರಿನ ನ್ಯಾಯವಾದ ಬೆಲೆ ಎಷ್ಟು ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಲೆಕ್ಕ ಹಾಕಿದ ಕಾಲ ಅದು. ಆದರೆ ಆ ಲೆಕ್ಕ ಹೊಸ ಕಾರಿಗೆ ಮಾತ್ರ. ಪಾಳಿ ಬರಲು ವರ್ಷಗಟ್ಟಲೆ ಕಾಯಬೇಕಾಗಿದ್ದ ಜನ, ಕೈಗೆ ತಕ್ಷಣ ಸಿಗುವ ಹಳೇ ಗಾಡಿಗೆ ಕಾಯುವಿಕೆಯ ಬೆಲೆಯನ್ನೂ ಸೇರಿಸಿ ಕೊಡುತ್ತಿದ್ದರು.

ಇದಕ್ಕೆ ಪೂರ್ತಿ ತಿರುಗುಮುರುಗಾದ ಕಥೆಯೂ ಕುರ್ಲಾದ್ದೇ. 2001ರಲ್ಲಿ ಫಿಯಟ್ ಪಾಲಿಯೋ ಬಂತು, ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್. ಅದರ 1.6 ಜಿಟಿಎಕ್ಸ್ ಮಾದರಿಗೆ ನೂರು ಅಶ್ವಶಕ್ತಿಯ ಎಂಜಿನ್. ಆಗಿನ ಸಣ್ಣ ಕಾರುಗಳ ನಡುವೆ ಅದೊಂದು ಪುಂಡ. ಓಡಿಸಿದವರು ಇವತ್ತಿಗೂ ಅದರ ಸ್ಟಿಯರಿಂಗ್ ಹೊಗಳುತ್ತಾರೆ. ಆದರೆ ಹಳೇ ಕಾರಿನ ಪೇಟೆಯಲ್ಲಿ ಅದು ಸರ್ರನೆ ಇಳಿಯಿತು. ಪೆಟ್ರೋಲು ಕುಡಿಯುತ್ತದೆ, ಬಿಡಿಭಾಗಕ್ಕೆ ಅಲೆಯಬೇಕು ಎಂಬ ಮಾತು ಒಮ್ಮೆ ಹಬ್ಬಿದ ಮೇಲೆ ಎಂಜಿನ್ನಿನ ಗುಣ ಯಾರಿಗೂ ಬೇಡವಾಯಿತು. ನನ್ನ ಅನುಭವದಲ್ಲಿ ದಲ್ಲಾಳಿಗಳು ಶಕ್ತಿಗೆ ಒಂದು ಪೈಸೆ ಕಟ್ಟುವುದಿಲ್ಲ. ಕೊಳ್ಳುವವನ ಕಣ್ಣಲ್ಲಿ ಆಸೆ ಕಂಡರೆ ಮಾತ್ರ ಕಟ್ಟುತ್ತಾರೆ.

ಈಗ ನನ್ನ ಕಣ್ಣಿಗೆ ಬಿದ್ದಿರುವುದು 2017ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಚಾಕಣದಲ್ಲಿ ತಯಾರಾಗುತ್ತಿದ್ದ ಪೋಲೋ 2022ರಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ ಕಂಪನಿ ಬೇರೆ ಸಣ್ಣ ಕಾರು ತರಲಿಲ್ಲ, ಹಾಗಾಗಿ ಹಳೆಯದರ ಬೆಲೆ ಇಳಿಯಲು ಒಲ್ಲದು. ಲೈಸೆನ್ಸ್ ಕಾಲದ ಫಿಯಟ್ಟಿನ ತರ್ಕವೇ ಇದು. ಹೊಸದು ಸಿಗದು, ಆದ್ದರಿಂದ ಹಳೆಯದಕ್ಕೆ ಬೆಲೆ. ಮಾಲೀಕರು ಹೇಳಿದ್ದು ಐದೂವರೆ ಲಕ್ಷ. ನನ್ನ ಮೂರು ವರ್ಷದ ಉಳಿತಾಯ ಹೆಚ್ಚು ಕಡಿಮೆ ಅಷ್ಟೇ.

ಓಡೋಮೀಟರಿನಲ್ಲಿ 40,000 ಕಿಲೋಮೀಟರ್. ಕಡಿಮೆ ಓಡಿದೆ ಎಂದು ಅವರು ಎರಡು ಸಲ ಹೇಳಿದರು. ಮುಂಬಯಿಯ ಕಿಲೋಮೀಟರೇ ಬೇರೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತೆವಳಿದ್ದರೆ ಆ ಎಂಜಿನ್ ಓಡಿರುವುದು ಸುಮಾರು 2,700 ಗಂಟೆ. ಊರ ಕಡೆಯ ಹೆದ್ದಾರಿಯಲ್ಲಿ ಗಂಟೆಗೆ 50ರಂತೆ ಓಡಿದ್ದರೆ ಬರೀ 800. ಆಗ್ರಾ ರೋಡಿನ ಟ್ರಾಫಿಕ್ಕಿನಲ್ಲಿ ನಿಂತು ಹೊರಟು ಮಾಡುವಾಗ ಡಿಎಸ್‌ಜಿಯ ಕ್ಲಚ್ಚುಗಳು ಸವೆಯುತ್ತವೆ, ಬಿಸಿಯಾಗುತ್ತವೆ. ಅದಕ್ಕೇ ಕಾರನ್ನು ಖಿಂಡಿಪಾಡಾದ ಏರಿನಲ್ಲಿ ಹತ್ತಿಸಿ, ನಡುವೆ ನಿಲ್ಲಿಸಿ, ಮತ್ತೆ ಮೆಲ್ಲಗೆ ಹೊರಡಿಸಿ ನೋಡಿದೆ. ಮೊದಲ ಎರಡು ಗೇರುಗಳ ನಡುವೆ ಸಣ್ಣದೊಂದು ನಡುಕ. ಅದರ ನಿಯಂತ್ರಣ ಘಟಕ ಕೈಕೊಟ್ಟರೆ ಖರ್ಚು ಲಕ್ಷ ದಾಟುತ್ತದೆ ಎಂದ ಜೊತೆಗಿದ್ದ ಮೆಕ್ಯಾನಿಕ್.

ನೀರಿನ ಲೆಕ್ಕವೂ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ಮೇಲೆ, ಈ ನಗರದಲ್ಲಿ ಹಳೇ ಕಾರು ಕೊಳ್ಳುವವರು ಮೂಗನ್ನೂ ಬಳಸಲು ಕಲಿತರು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಬೇಕು, ಕೆಸರಿನ ಗೆರೆ ಒಳಗಡೆ ಉಳಿದಿರುತ್ತದೆ. ಮ್ಯಾಟಿನ ಕೆಳಗೆ, ಸೀಟಿನ ಬೋಲ್ಟುಗಳ ಮೇಲೆ ತುಕ್ಕು. ಈ ಪೋಲೋದಲ್ಲಿ ಅಂಥದ್ದಿಲ್ಲ. ಟೈರು ಮಾತ್ರ ಇದರ ವಯಸ್ಸಿನವೇ: ಪಕ್ಕದಲ್ಲಿ 2317 ಎಂದು ಅಚ್ಚಿದೆ, 2017ರ 23ನೇ ವಾರ. ತುಳಿಭಾಗ ಚೆನ್ನಾಗಿದ್ದರೂ ರಬ್ಬರು ಗಟ್ಟಿಯಾಗಿದೆ. ನಾಲ್ಕೂ ಬದಲಿಸಬೇಕು.

ಇನ್ನು ನಮ್ಮಂಥವರಿಗೆ ಮಾತ್ರ ಇರುವ ಒಂದು ಕಡಿತ. ಇದರ ನಂಬರು ಎಂಎಚ್ 03, ವಡಾಲಾ ಆರ್‌ಟಿಒ. ನಾಳೆ ಬೆಂಗಳೂರಿಗೋ ಉಡುಪಿಗೋ ವಾಪಸಾದರೆ, ಹನ್ನೆರಡು ತಿಂಗಳು ಮೀರಿ ಅಲ್ಲಿ ಇಟ್ಟುಕೊಳ್ಳಲು ಇಲ್ಲಿಂದ ನಿರಾಕ್ಷೇಪಣಾ ಪತ್ರ ತೆಗೆದು ಅಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಮುಂಬಯಿಯಲ್ಲೇ ಮುದುಕನಾಗುವವನಿಗೆ ಈ ಕಾರು ನನಗಿಂತ ಅಗ್ಗ. ಬೆಲೆ ಹೇಳುವ ಮೊದಲು ನಾನು ಇಲ್ಲಿ ಎಷ್ಟು ವರ್ಷ ಇರುತ್ತೇನೆ ಎಂದು ಮನೆಯಲ್ಲಿ ಕೇಳಬೇಕಾಯಿತು. ಹೆಂಡತಿ ಐದು ವರ್ಷ ಎಂದಳು, ನಾನು ಹತ್ತು ಎಂದೆ. ಆ ಚರ್ಚೆ ಕಾರಿನದಾಗಿ ಉಳಿಯಲಿಲ್ಲ.

ಟೈರು, ಗೇರ್‌ಬಾಕ್ಸಿನ ಅಪಾಯದಲ್ಲಿ ಅರ್ಧ, ತೆರಿಗೆಯಲ್ಲಿ ಒಂದು ಪಾಲು ಕಳೆದು ನಾಲ್ಕು ಲಕ್ಷ ನಲವತ್ತು ಸಾವಿರ ಹೇಳಿದ್ದೇನೆ. ಮುಲುಂಡಿನಲ್ಲಿ ಒಬ್ಬರು ಪೂರ್ತಿ ಬೆಲೆ ಕೊಡಲು ಸಿದ್ಧರಿದ್ದಾರಂತೆ. ಆದರೂ ಮಾಲೀಕರು ಭಾನುವಾರದ ತನಕ ಸಮಯ ಕೇಳಿದ್ದಾರೆ.